ಡಾಂಬರಿನ ಗುಟ್ಟನ್ನರಿತ ಯಾಮಗಿವ

ಮಾನವನನ್ನು ಕಾಡುವ ವ್ಯಾಧಿಗಳಲ್ಲಿ ಕ್ಯಾನ್ಸರ್ ಘೋರವಾದುದು. ಪರಿಸರದಲ್ಲಿರುವ ವಸ್ತುವೊಂದು ಈ ರೋಗವನ್ನು ಹುಟ್ಟಿಸಬಲ್ಲದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟ ಮಹನೀಯರು ಜಪಾನಿನ ಕಟ್ಸುಸಾಬುರೊ ಯಾಮಗಿವ.

ಯಾಮಗಿವ ಅವರು 1863ರಲ್ಲಿ ಉಯೆದ ಎಂಬ ಊರಿನಲ್ಲಿ ಜನಿಸಿದರು. ಟೋಕಿಯೋದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಬಳಿಕ ಜರ್ಮನಿಗೆ ತೆರಳಿ, ಪ್ರಸಿದ್ಧ ವಿಜ್ಞಾನಿ ವಿರ್ಖೋ ಅವರ ಬಳಿ ಶಿಕ್ಷಣ ಪಡೆದರು. ಅಂಗಾಂಶವನ್ನು ಎಡೆಬಿಡದೆ ಕೆರಳಿಸಿದರೆ ಕ್ಯಾನ್ಸರ್ ತಲೆದೋರುತ್ತದೆಂಬುದು ವಿರ್ಖೋ ಅವರ ಅಭಿಮತವಾಗಿತ್ತು. ಹೊಗೆಗೂಡುಗಳನ್ನು ಶುಚಿಗೊಳಿಸುವ ಕೆಲಸಗಾರರಿಗೆ ಮಸಿಯ ಸಂಪರ್ಕದಿಂದ ಚರ್ಮದ ಕ್ಯಾನ್ಸರ್ ಬರುವುದನ್ನು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ತಿಳಿಸಿದ್ದರು. ಆದರೆ ಪ್ರಯೋಗದ ಪುರಾವೆ ದೊರೆತಿರಲಿಲ್ಲ. ಯತ್ನಿಸಿದವರು ಫಲ ಕಾಣದೆ ಕೈಬಿಟ್ಟಿದ್ದರು.

ಸ್ವದೇಶಕ್ಕೆ ಮರಳಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಯಾಮಗಿವ ಅವರನ್ನು ಕ್ಷಯರೋಗ ಬಾಧಿಸಿತು. ಆದರೂ ಅವರು ಎದೆಗುಂದಲಿಲ್ಲ. ಸಹಾಯಕ ಕೊಇಚಿ ಇಚಿಕಾವ ಅವರೊಡನೆ ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ಕೆಲವು ದಿನಗಳಿಗೊಮ್ಮೆ ಲೇಪಿಸತೊಡಗಿದರು. ತಿಂಗಳುಗಳು ಉರುಳಿದರೂ ಲೇಪನ ನಿಲ್ಲಲಿಲ್ಲ. ಕಡೆಗೆ ಕಿವಿಗಳ ಮೇಲೆ ಗಂಟುಗಳೆದ್ದು, ಕೆಲವು ಕ್ಯಾನ್ಸರಾಗಿ ಪರಿಣಮಿಸಿದವು. 1915ರಲ್ಲಿ ಈ ಸಂಗತಿ ಲೋಕಕ್ಕೆ ತಿಳಿಯಿತು.

1926ನೆಯ ವರ್ಷದ ನೊಬೆಲ್ ಪಾರಿತೋಷಕ, ಹುಳುವಿನಿಂದ ಕ್ಯಾನ್ಸರ್ ಉಂಟಾಗುವುದೆಂದು ಸಾರಿದ ಡೆನ್ಮಾರ್ಕಿನ ಫಿಬಿಗರ್ ಅವರಿಗೆ ಸಂದಿತು. ಮುಂದೆ ಆ ವಾದ ನಿಲ್ಲಲಿಲ್ಲ. ಯಾಮಗಿವ ಅವರ ಪ್ರಯೋಗ ಮಾತ್ರ ಉಳಿಯಿತು. ಆ ಮನ್ನಣೆಯನ್ನು ಕಾಣದೆಯೇ ಅವರು 1930ರಲ್ಲಿ ಕಾಲವಶರಾದರು.

ಅವರು ತೆರೆದ ಹಾದಿಯಲ್ಲಿ ವಿಜ್ಞಾನ ಮುನ್ನಡೆಯಿತು. ಡಾಂಬರಿನಲ್ಲಿರುವ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕವನ್ನು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿದರು. ಅದು ಜೀವಕೋಶದ ಡಿ.ಎನ್.ಎ.ಯನ್ನು ಕೆಡಿಸುತ್ತದೆ. ಆದರೆ ಮಾಲಿನ್ಯದ ಕೇಡು ಅಷ್ಟಕ್ಕೇ ನಿಲ್ಲದು. ನಮ್ಮ ದೇಹದ ಜೀವಕೋಶಗಳು ನೆರೆಹೊರೆಯವರಂತೆ ಬಾಳುತ್ತವೆ. ಅತಿ ಸೂಕ್ಷ್ಮವಾದ ನಾಳಗಳ ಮೂಲಕ ರಾಸಾಯನಿಕ ಸಂದೇಶಗಳನ್ನು ವಿನಿಮಯ ಮಾಡಿಕೊಂಡು, ಒಂದರ ಬೆಳವಣಿಗೆಯನ್ನು ಮತ್ತೊಂದು ಹತೋಟಿಯಲ್ಲಿಡುತ್ತವೆ. ಡಾಂಬರು ಮತ್ತು ಹೊಗೆಯಲ್ಲಿರುವ ಕೆಲವು ವಸ್ತುಗಳು ಈ ನಾಳಗಳನ್ನು ಮುಚ್ಚಿಬಿಡುತ್ತವೆಂದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಿಳಿದುಬಂದಿದೆ. ಆಗ ಕೆಟ್ಟ ಜೀವಕೋಶಕ್ಕೆ ನೆರೆಯ ಅಂಕೆ ತಪ್ಪಿ, ಅದು ಮನಬಂದಂತೆ ವೃದ್ಧಿಯಾಗಲು ಎಡೆ ದೊರೆಯುತ್ತದೆ.

ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವ ರೋಗವಲ್ಲ. ಬಹುಕಾಲ ಹೊಗೆ, ಮಸಿಗಳ ಸೋಂಕು ತಗುಲಿದಷ್ಟೂ ಅಪಾಯ ಹೆಚ್ಚು. ಆ ಸೋಂಕನ್ನು ತಡೆದರೆ ಅಪಾಯವೂ ತಗ್ಗುತ್ತದೆ. ವ್ಯಾಧಿಗ್ರಸ್ತರಾಗಿದ್ದರೂ ತಾಳ್ಮೆಗೆಡದೆ ದುಡಿದ ಯಾಮಗಿವ ಅವರಿಂದ ಮಾನವಕುಲಕ್ಕೆ ದೊರೆತ ಅರಿವು ಇದು.