ರಗಳೆಯ ಕವಿ ಹರಿಹರ

ಹಾಸನ ಜಿಲ್ಲೆಯ ಬೇಲೂರಿನಿಂದ 16 ಕಿಲೋಮೀಟರು ದೂರದಲ್ಲಿರುವ ಹಳೇಬೀಡು ಒಂದು ಕಾಲಕ್ಕೆ ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿಗೆ ಹೋಗುವವರು ಹೊಯ್ಸಳೇಶ್ವರ ದೇವಾಲಯದ ಶಿಲ್ಪಗಳನ್ನು ಕಂಡು ಬೆರಗಾಗುತ್ತಾರೆ. ಅದೇ ಊರಿನ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕರಣಿಕನೊಬ್ಬನನ್ನು ನೆನೆಯುವವರು ವಿರಳ. ಅವನೇ ಕವಿ ಹರಿಹರ. ಅವನ ಕಾಲ ಸುಮಾರು 1200. ಅವನ ಬಾಳಿನ ಸಂಗತಿಗಳು ಹೆಚ್ಚಾಗಿ ಮುಂದಿನ ವೀರಶೈವ ಕವಿಗಳು ಹೇಳಿದ ಕಥೆಗಳಿಂದ ನಮಗೆ ತಿಳಿದುಬಂದಿವೆ. ಅವುಗಳಲ್ಲಿ ಚರಿತ್ರೆಯೂ ಭಕ್ತಿಯೂ ಬೆರೆತಿವೆ.

ಹರಿಹರನು ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಒಂದು ದಿನ ತುಂಬಿದ ಸಭೆಯಲ್ಲಿ ಅವನು ಇದ್ದಕ್ಕಿದ್ದಂತೆ ಎರಡೂ ಕೈಗಳನ್ನು ಹೊಸಕತೊಡಗಿದನಂತೆ. ನೆರೆದವರು ನಕ್ಕರು, ಇವನಿಗೆ ಬುದ್ಧಿ ಕೆಟ್ಟಿತೆಂದು ಆಡಿಕೊಂಡರು. ಅರಸನು ಕಾರಣ ಕೇಳಿದನು. ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ಆರತಿಯ ಉರಿ ತೆರೆಗೆ ತಗುಲಿತೆಂದೂ, ತಾನು ಅದನ್ನು ಆರಿಸಿದೆನೆಂದೂ ಹರಿಹರನು ಹೇಳಿದನು. ನಗು ಇನ್ನೂ ಹೆಚ್ಚಿತು. ಅರಸನು ಹಂಪೆಗೆ ಆಳುಗಳನ್ನು ಕಳುಹಿಸಿ ವಿಚಾರಿಸಲು, ಮಾತು ನಿಜವಾಗಿತ್ತಂತೆ. ಈ ಪವಾಡವನ್ನು ನಂಬುವುದೂ ಬಿಡುವುದೂ ಓದುವವರಿಗೆ ಸೇರಿದ್ದು. ಕೈ ದೋರಸಮುದ್ರದ ಕಡತದ ಮೇಲಿದ್ದರೂ ಅವನ ಮನಸ್ಸು ತುಂಗಭದ್ರೆಯ ದಡದಲ್ಲಿತ್ತೆಂಬುದನ್ನು ಮಾತ್ರ ಕಥೆ ಚೆನ್ನಾಗಿ ತಿಳಿಸುತ್ತದೆ. ಕೊನೆಗೆ ಅವನು ಅರಮನೆಯ ಉದ್ಯೋಗವನ್ನು ತೊರೆದು ಹಂಪೆಯನ್ನು ಸೇರಿದನು.

ಶಿವನನ್ನೂ ಶಿವಶರಣರನ್ನೂ ಅಲ್ಲದೆ ಬೇರಾರನ್ನೂ ಹಾಡುವುದಿಲ್ಲವೆಂಬುದು ಅವನ ನಿಶ್ಚಯ. ಕವಿಯಾದವನು ಅರಸನ ಆಶ್ರಯದಲ್ಲಿದ್ದು, ಗದ್ಯಪದ್ಯಗಳು ಬೆರೆತ ಚಂಪೂ ಕಾವ್ಯವನ್ನು ರಚಿಸಿ ಪಂಡಿತರ ಮೆಚ್ಚುಗೆ ಗಳಿಸುತ್ತಿದ್ದ ಕಾಲವದು. ಹರಿಹರನು ಆರಿಸಿಕೊಂಡದ್ದು ರಗಳೆಯನ್ನು. ಎರಡೆರಡು ಸಾಲುಗಳಿಗೆ ಪ್ರಾಸವಿಟ್ಟು ಎಷ್ಟು ಉದ್ದಕ್ಕಾದರೂ ಹರಿಯಬಲ್ಲ ಸರಳವಾದ ಛಂದಸ್ಸು ಅದು. ಪಂಪನಂತಹ ಕವಿಗಳೂ ಅದನ್ನು ಬಳಸಿದ್ದರು. ಆದರೆ ಚಂಪುವಿನ ನಡುವೆ ವರ್ಣನೆಗೆಂದು ಅಲ್ಲೊಂದು ಇಲ್ಲೊಂದು ಮಾತ್ರ. ಹರಿಹರನು ಒಬ್ಬೊಬ್ಬ ಶರಣನ ಜೀವನಕಥೆಯನ್ನೇ ಅದರಲ್ಲಿ ಹೇಳಿದನು. ಅವನ ಕಥಾನಾಯಕರಲ್ಲಿ ಬೇಡರ ಕಣ್ಣಪ್ಪನಿದ್ದಾನೆ, ಅರಸನನ್ನು ತೊರೆದು ನಡೆದ ಮಹಾದೇವಿಯಕ್ಕನಿದ್ದಾಳೆ. ಕುಂಬಾರ ಗುಂಡಯ್ಯನು ಮಡಕೆಯನ್ನು ಬಾರಿಸಿದರೆ ಆ ತಾಳಕ್ಕೆ ಶಿವನೇ ಕುಣಿಯುತ್ತಾನೆ.

ಪಂಡಿತರಿಗೆ ಇದು ಹಿಡಿಸಲಿಲ್ಲ. ರಗಳೆ ಬರೆಯುವವನೆಂದು ಅವನನ್ನು ಹಳಿದರು, ಪ್ರೌಢಕಾವ್ಯ ಇವನಿಂದಾಗದೆಂದರು. ಆಗ ಹರಿಹರನು ಹತ್ತು ಆಶ್ವಾಸಗಳ ‘ಗಿರಿಜಾಕಲ್ಯಾಣ’ವೆಂಬ ಚಂಪೂ ಕಾವ್ಯವನ್ನು ರಚಿಸಿ ತೋರಿಸಿದನೆಂದು ಹೇಳುತ್ತಾರೆ. ಅದನ್ನು ಓದುವಾಗ ಅದು ಹಟದಿಂದ ಹುಟ್ಟಿದ ಕೃತಿಯೆಂದು ತೋರುವುದಿಲ್ಲ. ಆದರೂ ಅಂತಹ ಕಾವ್ಯವನ್ನು ಬರೆಯಬಲ್ಲ ಕವಿ ರಗಳೆಯನ್ನು ನೆಚ್ಚಿದ್ದು ಅಶಕ್ತಿಯಿಂದಲ್ಲವೆಂಬುದು ಸ್ಪಷ್ಟ. ಇಂದು ಅವನ ಹೆಸರು ಹೆಚ್ಚಾಗಿ ನಿಂತಿರುವುದು ಆ ರಗಳೆಗಳಿಂದಲೇ.

ಇನ್ನೊಂದು ಕಥೆಯನ್ನು ಬಿಡುವಂತಿಲ್ಲ, ಅದು ಹರಿಹರನಿಗೆ ಅಷ್ಟೇನೂ ಶೋಭೆ ತರದಿದ್ದರೂ. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರ ಕಾವ್ಯ’ವನ್ನು ರಚಿಸಿ ಮಾವನ ಬಳಿಗೆ ತಂದನು. ಶಿವನನ್ನು ಬಿಟ್ಟು ಮರ್ತ್ಯನಾದ ಅರಸನೊಬ್ಬನನ್ನು ಹಾಡಿದನೆಂದು ಹರಿಹರನು ಕನಲಿ ಹೊಡೆದನಂತೆ. ಅಳಿಯನ ಐದು ಹಲ್ಲುಗಳು ಉದುರಿದವಂತೆ. ಪಂಡಿತರ ಹಳಿಕೆಯನ್ನು ಉಂಡವನೇ ಇಲ್ಲಿ ಹಳಿಯುವವನಾದನು. ರಾಘವಾಂಕನು ಬಳಿಕ ಶಿವಪರವಾದ ಐದು ಕಾವ್ಯಗಳನ್ನು ರಚಿಸಿ ಹಲ್ಲುಗಳನ್ನು ಮರಳಿ ಪಡೆದನೆಂದು ಕಥೆ ಮುಗಿಯುತ್ತದೆ. ಆದರೆ ಮಾವನು ಮುನಿದ ಆ ಕಾವ್ಯವೂ ಅಳಿಯಲಿಲ್ಲ. ಮಾವನು ರಗಳೆಯನ್ನು ಹಿಡಿದಂತೆ ಅಳಿಯನು ಷಟ್ಪದಿಯನ್ನು ಹಿಡಿದು ತನ್ನದೇ ದಾರಿಯಲ್ಲಿ ನಡೆದಿದ್ದನು. ಸತ್ಯಕ್ಕಾಗಿ ಸುಡುಗಾಡನ್ನು ಕಾದ ಹರಿಶ್ಚಂದ್ರನ ಆ ಕಥೆಯನ್ನು ಕನ್ನಡಿಗರು ಇಂದಿಗೂ ಗಮಕಿಗಳ ಬಾಯಲ್ಲಿ ಕೇಳುತ್ತಾರೆ.