ಸೇನೆಯಿಲ್ಲದೆ ಬಂದ ಅಲೆಕ್ಸಾಂಡರ್

ಅಲೆಕ್ಸಾಂಡರ್ ಎಂಬ ಹೆಸರು ಹಂಗರಿಯವರ ನಾಲಗೆಯಲ್ಲಿ ಶಾಂಡೋರ್ ಆಗಿದೆ. ಆ ನಾಡಿನ ಕ್ರಾಂತಿಕವಿ ಪೆಟೋಫಿಯದೂ ಇದೇ ಹೆಸರು. ಆದರೆ ಭಾರತದ ಮಟ್ಟಿಗೆ ಸ್ಮರಣೀಯರಾದ ಶಾಂಡೋರ್ ಎಂದರೆ ಟಿಬೆಟನ್ ಅಧ್ಯಯನಕ್ಕೆ ಬುನಾದಿ ಹಾಕಿದ ಚೋಮಾ.

ಟ್ರಾನ್ಸಿಲ್ವೇನಿಯಾದ ಕೊರೊಶ್ ಗ್ರಾಮದಲ್ಲಿ 1784ರಲ್ಲಿ ಜನಿಸಿದ ಅವರನ್ನು ಜೀವನವಿಡೀ ಕಾಡಿದ್ದು ಒಂದೇ ಪ್ರಶ್ನೆ: ಹಂಗರಿಯ ಜನರ ಮೂಲ ನೆಲೆ ಏಷ್ಯಾದಲ್ಲಿ ಎಲ್ಲಿದೆ? ಅದರ ಉತ್ತರವನ್ನರಸಿ 1819ರಲ್ಲಿ ಊರು ಬಿಟ್ಟ ಚೋಮಾ, ಟೆಹ್ರಾನ್, ಬುಖಾರಾ, ಕಾಬೂಲ್‌ಗಳನ್ನು ಹಾದು 1822ರಲ್ಲಿ ಲಡಾಖ್ ತಲುಪಿದರು. ಅಲ್ಲಿಂದ ಮುಂದಿನ ದಾರಿ ಅಪಾಯಕಾರಿಯಾಗಿತ್ತು. ಆಗ ಭೇಟಿಯಾದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಮೂರ್‌ಕ್ರಾಫ್ಟ್, ಟಿಬೆಟನ್ ಭಾಷೆ ಕಲಿಯುವಂತೆ ಅವರನ್ನು ಪ್ರೇರೇಪಿಸಿದರು.

ಝಂಸ್ಕಾರ್ ಕಣಿವೆಯ ಝಂಗ್ಲಾದಲ್ಲಿ, ಮೈಕೊರೆಯುವ ಚಳಿಯಲ್ಲಿ, ಬೆಂಕಿಯ ಆಸರೆಯೂ ಇಲ್ಲದ ಕಿರುಕೋಣೆಯಲ್ಲಿ ಕುಳಿತು ಅವರು ಲಾಮಾ ಒಬ್ಬರಿಂದ ಆ ಭಾಷೆಯನ್ನು ಕಲಿತರು. ಕಂಪನಿಯಿಂದ ದೊರೆಯುತ್ತಿದ್ದುದು ತಿಂಗಳಿಗೆ 50 ರೂಪಾಯಿ ಮಾತ್ರ. ಈ ತಪಸ್ಸಿನ ಫಲವಾದ ಟಿಬೆಟನ್–ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ 1834ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾದವು. ಬೌದ್ಧ ಗ್ರಂಥಗಳ ಅಪಾರ ಭಂಡಾರದ ಬಾಗಿಲು ಪಶ್ಚಿಮದ ವಿದ್ವಾಂಸರಿಗೆ ತೆರೆಯಿತು.

ಆದರೂ ಮೊದಲ ಪ್ರಶ್ನೆಯನ್ನು ಅವರು ಮರೆಯಲಿಲ್ಲ. ಲ್ಹಾಸಾಕ್ಕೆ ಹೊರಟವರು ದಾರಿಯಲ್ಲಿ ಮಲೇರಿಯಾಕ್ಕೆ ತುತ್ತಾಗಿ, 1842ರ ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ಕಣ್ಮುಚ್ಚಿದರು. ಹಂಗೇರಿಯನ್ ನುಡಿಯ ಬಂಧುಗಳಿರುವುದು ಉರಲ್ ಸೀಮೆಯ ಭಾಷೆಗಳಲ್ಲಿ ಎಂಬುದು ಇಂದು ಭಾಷಾವಿಜ್ಞಾನ ಒಪ್ಪಿರುವ ಸಂಗತಿ. ಚೋಮಾ ಅರಸಿದ ದಿಕ್ಕೇ ಬೇರೆಯಾಗಿತ್ತು.

ಫಲಿತಾಂಶವನ್ನು ಮೊದಲೇ ನಿಗದಿಪಡಿಸಿ ಸಂಶೋಧನೆಗೆ ಹಣ ಕೊಡುವ ಈ ಕಾಲದಲ್ಲಿ, ಗುರಿ ಮುಟ್ಟದೆಯೂ ಒಂದು ಜ್ಞಾನಶಾಖೆಯನ್ನೇ ಕಟ್ಟಿಕೊಟ್ಟ ಈ ಪಯಣಿಗನನ್ನು ನೆನೆಯಬೇಕಾಗಿದೆ. ಅವರ ಸಮಾಧಿ ಇಂದಿಗೂ ಡಾರ್ಜಿಲಿಂಗ್‌ನಲ್ಲಿದೆ.