ಹನಾಓಕಾ ಸೇಶೂ ಮತ್ತು ಅವರ ಮನೆಯ ಇಬ್ಬರು

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ನಾವು ಮೊದಲು ಹುಡುಕೋದು ಯಾರ ಮನೆಯಲ್ಲಿ ಡಾಕ್ಟರ್ ಇದ್ದಾರೆ ಅಂತ. ಒಂದು ಫೋನ್, ಆಮೇಲೆ ವಾಟ್ಸಾಪ್‌ನಲ್ಲಿ ಮಾತ್ರೆಯ ಹೆಸರು, ಅಷ್ಟೇ. ಫೀಸೂ ಇಲ್ಲ, ಕ್ಯೂನೂ ಇಲ್ಲ. ಆದರೆ ಮನೆಯವರಿಗೆ ತಾನೇ ವೈದ್ಯನಾಗೋದು ಒಳ್ಳೇದಲ್ಲ ಅನ್ನೋದು ಡಾಕ್ಟರುಗಳ ಹಳೆಯ ನಿಯಮ. ಅಮೆರಿಕದ ವೈದ್ಯರ ಸಂಘ 1847ರಲ್ಲಿ ಮಾಡಿದ ಮೊದಲ ನೀತಿಸಂಹಿತೆಯಲ್ಲೇ ಇದು ಇದೆ. ಹೆಂಡತಿ ಮಕ್ಕಳಿಗೆ ಕಾಯಿಲೆಯಾದಾಗ ವೈದ್ಯನ ತಲೆ ನೆಟ್ಟಗೆ ಓಡಲ್ಲ ಅನ್ನೋದು ಅದರ ತಾತ್ಪರ್ಯ. ಇದನ್ನು ಓದುವಾಗ ನಮಗೆ ಸಿಕ್ಕಿದ್ದು ಜಪಾನಿನ ಹನಾಓಕಾ ಸೇಶೂ ಅವರ ಕಥೆ. ಇಲ್ಲಿ ಮನೆಯವರಿಗೆ ಕಾಯಿಲೆಯೇ ಇರಲಿಲ್ಲ.

ಸೇಶೂ ಹುಟ್ಟಿದ್ದು 1760ರಲ್ಲಿ, ಕಿಯಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಈಗ ಅದು ವಾಕಯಾಮಾ ಜಿಲ್ಲೆ. ಅಪ್ಪನೂ ವೈದ್ಯರೇ. 1782ರಲ್ಲಿ ಕ್ಯೋಟೋಗೆ ಓದಲು ಹೋದ ಸೇಶೂ ಚೀನಾ ಮೂಲದ ವೈದ್ಯವನ್ನೂ, ಡಚ್ಚರಿಂದ ಬಂದ ಶಸ್ತ್ರಚಿಕಿತ್ಸೆಯನ್ನೂ ಕಲಿತು ಮೂರು ವರ್ಷಕ್ಕೆ ಊರಿಗೆ ವಾಪಸ್ ಬಂದರು. ಆಗ ಜಪಾನ್ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯಲ್ಲಿ ಜಾಗ.

ಚೀನಾದಲ್ಲಿ ಅದಕ್ಕೂ ಸುಮಾರು 1600 ವರ್ಷ ಹಿಂದೆ ಹುವಾ ತುವೋ ಅನ್ನೋ ವೈದ್ಯ ರೋಗಿಗೆ ಏನೋ ಕುಡಿಸಿ ಮಲಗಿಸಿ ಹೊಟ್ಟೆ ಕೊಯ್ಯುತ್ತಿದ್ದನಂತೆ. ಆ ಮದ್ದಿನ ಫಾರ್ಮುಲಾ ಕಳೆದುಹೋಗಿತ್ತು. ಅಂಥದ್ದನ್ನು ತಾನು ಮಾಡಬೇಕು ಅಂತ ಸೇಶೂ ಕೂತರು. ಹಿಡಿದದ್ದು ಸುಮಾರು ಇಪ್ಪತ್ತು ವರ್ಷ! ನಾವು ಒಂದು ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೇ ಸುಸ್ತಾಗ್ತೀವಿ.

ಅವರ ಮದ್ದಿನ ಮುಖ್ಯ ಗಿಡ ನಮಗೂ ಗೊತ್ತಿರೋದೇ, ದತ್ತೂರ. ನಮ್ಮೂರ ರಸ್ತೆ ಬದಿಯಲ್ಲಿ ಬೆಳೆದು ಶಿವನ ಪೂಜೆಗೆ ಹೋಗೋ ಗಿಡ. ಅದರಲ್ಲಿ ಸ್ಕೋಪೊಲಮಿನ್, ಅಟ್ರೋಪಿನ್ ಇವೆ. ಸ್ವಲ್ಪ ಹೆಚ್ಚಾದರೆ ಭ್ರಮೆ, ಇನ್ನೂ ಹೆಚ್ಚಾದರೆ ಸಾವು. ಜೊತೆಗೆ ವತ್ಸನಾಭಿಯ ಜಾತಿಯ ಬೇರು, ಅದು ನೇರ ಹೃದಯಕ್ಕೇ ಹೊಡೆಯುತ್ತೆ. ಡೋಸ್ ಇಷ್ಟೇ ಅಂತ ಹೇಳೋಕೆ ಯಾವ ಡೇಟಾಶೀಟೂ ಇಲ್ಲ. ಮೊದಲು ನಾಯಿ, ಬೆಕ್ಕುಗಳಿಗೆ ಕುಡಿಸಿ ನೋಡಿದರು. ಆಮೇಲೆ ಮನುಷ್ಯರು ಬೇಕಾಯ್ತು.

ಮುಂದೆ ಬಂದವರು ತಾಯಿ ಒತ್ಸುಗಿ ಮತ್ತು ಹೆಂಡತಿ ಕಾಯೆ. ಇಬ್ಬರೂ ತಾವಾಗಿಯೇ ಬಂದರು ಅಂತಲೇ ಎಲ್ಲ ಕಡೆ ಇದೆ. ಅರಿಯೋಶಿ ಸವಾಕೋ 1966ರಲ್ಲಿ ಬರೆದ ಕಾದಂಬರಿಯಲ್ಲಿ ಅತ್ತೆ ಸೊಸೆ ಪೈಪೋಟಿಗೆ ಬಿದ್ದು ನಾನು ಮೊದಲು ತಾನು ಮೊದಲು ಅನ್ನುತ್ತಾರೆ. ಜಪಾನಿನಲ್ಲಿ ಇವತ್ತು ಸೇಶೂ ಹೆಸರು ಮನೆಮಾತಾಗಲು ಆ ಕಾದಂಬರಿಯೂ ಕಾರಣ. ಆದರೆ ಅದು ಕಾದಂಬರಿ. ನಮಗೆ ಖಚಿತವಾಗಿ ಗೊತ್ತಿರೋದು ಇಷ್ಟು: ಪ್ರಯೋಗದ ನಂತರ ಕಾಯೆಯ ಕಣ್ಣು ಹೋಯ್ತು. ದತ್ತೂರದಿಂದ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತೆ, ಸಾಮಾನ್ಯವಾಗಿ ಕೆಲವು ದಿನಕ್ಕೆ ಸರಿ ಹೋಗುತ್ತೆ. ಕಾಯೆಗೆ ಸರಿ ಹೋಗಲಿಲ್ಲ.

ತಾವಾಗಿಯೇ ಬಂದರು ಅನ್ನೋ ಮಾತಿನ ಹತ್ತಿರ ನಾವು ಸ್ವಲ್ಪ ನಿಂತೆವು. ಹೋದ ಸೆಮಿಸ್ಟರ್ ನಾವು ಒಂದು ನಾಡಿ ಸೆನ್ಸರ್ ಮಾಡಿದ್ವಿ. ಟೆಸ್ಟ್ ಮಾಡೋಕೆ ಜನ ಬೇಕಾದಾಗ ಕರೆದದ್ದು ಇಬ್ಬರು ಜೂನಿಯರ್‌ಗಳನ್ನ. ಕೇಳಿದ ತಕ್ಷಣ ಹೂಂ ಅಂದ್ರು. ಸೀನಿಯರ್ ಕೇಳಿದಾಗ ಇಲ್ಲ ಅನ್ನೋಕೆ ಅವರಿಗೆ ಆಗ್ತಿತ್ತಾ ಅಂತ ನಾವು ಯೋಚಿಸಿದ್ದು ರಿಪೋರ್ಟ್ ಸಬ್ಮಿಟ್ ಆದ ಮೇಲೆ. ನಮ್ಮದು ಬೆರಳಿಗೆ ಸಿಕ್ಕಿಸೋ ಕ್ಲಿಪ್, ಅವರದ್ದು ವಿಷ. ಅಲ್ಲಿ ಗಂಡ, ಡಾಕ್ಟರ್, ಮನೆ ಯಜಮಾನ ಮೂರೂ ಒಬ್ಬನೇ. ಕಾಯೆ ಇಲ್ಲ ಅಂದಿದ್ರೆ ಅದನ್ನ ಹೇಳೋದು ಯಾರಿಗೆ? ಇನ್ನೊಂದು ಕಡೆ, ಗುರುತಿಲ್ಲದ ಬಡವರನ್ನು ಹಿಡಿದು ಕುಡಿಸಿದ್ದಿದ್ದರೆ ಒಳ್ಳೇದಿತ್ತಾ ಅಂದ್ರೆ ಅದೂ ಅಲ್ಲ. ಈ ವಿಷಯದಲ್ಲಿ ನಮ್ಮ ಕ್ಲಬ್‌ನಲ್ಲೇ ಜಗಳ ಆಯ್ತು, ಇನ್ನೂ ಮುಗಿದಿಲ್ಲ.

1804ನೇ ಇಸವಿ. ಸ್ತನ ಕ್ಯಾನ್ಸರ್ ಆಗಿದ್ದ 60 ವರ್ಷದ ಐಯಾ ಕಾನ್ ಅನ್ನೋ ಹೆಂಗಸಿಗೆ ಸೇಶೂ ಮದ್ದು ಕುಡಿಸಿದರು. ಅವಳು ಪೂರ್ತಿ ಮಲಗಿದ ಮೇಲೆ ಗಡ್ಡೆ ತೆಗೆದರು. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದ ಆಪರೇಶನ್‌ಗಳಲ್ಲಿ ನಂಬಲರ್ಹ ದಾಖಲೆ ಇರೋದರಲ್ಲಿ ಇದೇ ಮೊದಲನೆಯದು. ಬಾಸ್ಟನ್‌ನಲ್ಲಿ ಮಾರ್ಟನ್ ಈಥರ್ ತೋರಿಸಿದ್ದು 1846ರಲ್ಲಿ, ಅಂದ್ರೆ 42 ವರ್ಷ ಆದ ಮೇಲೆ. ಐಯಾ ಕಾನ್ ಕೆಲವೇ ತಿಂಗಳು ಬದುಕಿದ್ದಳು. ಆದರೂ ಸುದ್ದಿ ಹಬ್ಬಿತು, ದೂರದೂರದಿಂದ ರೋಗಿಗಳು ಬಂದರು, ಶುನ್‌ರಿನ್‌ಕೆನ್ ಅನ್ನೋ ಅವರ ಶಾಲೆಗೆ ನೂರಾರು ಶಿಷ್ಯರು ಸೇರಿದರು. ಮದ್ದಿನ ಗುಟ್ಟು ಹೊರಗೆ ಹೇಳಲ್ಲ ಅಂತ ಶಿಷ್ಯರು ಪ್ರಮಾಣ ಮಾಡಬೇಕಿತ್ತು. ದೇಶದ ಬಾಗಿಲೂ ಮುಚ್ಚಿದ್ದರಿಂದ ಯುರೋಪಿನಲ್ಲಿ ಜನ ಎಚ್ಚರವಾಗಿಯೇ ಕೊಯ್ಸಿಕೊಳ್ತಾ ಇದ್ದರು. ಹೆಂಡತಿಯ ಕಣ್ಣು ತೆತ್ತು ಕಂಡುಕೊಂಡದ್ದನ್ನು ಹೀಗೆ ಬಚ್ಚಿಟ್ಟದ್ದು ನಮಗಂತೂ ಸರಿ ಅನ್ನಿಸಲಿಲ್ಲ.

ಸೇಶೂ 1835ರಲ್ಲಿ ತೀರಿಕೊಂಡರು. ಕಾಯೆ ಅದಕ್ಕೂ ಮೊದಲೇ ಹೋಗಿದ್ದಳು. ಅವರ ಬಳಿಗೆ ಬಂದ ಸ್ತನ ಕ್ಯಾನ್ಸರ್ ರೋಗಿಗಳ ಪಟ್ಟಿ ಉಳಿದಿದೆ, ಸುಮಾರು 150 ಹೆಸರುಗಳು. ಅದರಲ್ಲಿ ಕಾಯೆಯ ಹೆಸರಿಲ್ಲ. ಇರೋಕೆ ಸಾಧ್ಯನೂ ಇಲ್ಲ, ಅವಳು ರೋಗಿ ಆಗಿರಲಿಲ್ಲ.